ಸಾವಿರದ ನಲವತ್ತು ರೂಪಾಯಿ ರೀಫಂಡು

ನಿವೃತ್ತಿ ಎಂದ ಕೂಡಲೇ ನಗಬೇಡಿ. ನನಗೀಗ ಮೂವತ್ತನಾಲ್ಕು. ತಲೆ ತುಂಬ ಕೂದಲಿದೆ, ಹಲ್ಲುಗಳೆಲ್ಲ ನನ್ನವೇ, ಪಿಂಚಣಿ ಮಾತ್ರ ಇಲ್ಲ. ಆದರೆ ಹನ್ನೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಮಾಡಿದ ಕೆಲಸವನ್ನು ಇನ್ನು ಈ ಜನ್ಮದಲ್ಲಿ ಮಾಡುವುದಿಲ್ಲ ಎಂದು ಎದ್ದು ಬಂದವನಿಗೆ ಬೇರೆ ಯಾವ ಶಬ್ದ ಹೊಂದುತ್ತದೋ ನನಗೆ ಗೊತ್ತಿಲ್ಲ. ಪುತ್ತೂರಿನಲ್ಲಿ ಆದಾಯ ತೆರಿಗೆಯ ರಿಟರ್ನ್ಸ್ ತುಂಬಿಸಿಕೊಡುವ ಆಫೀಸೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಈಗ ಸುಳ್ಯದಲ್ಲಿ ಟೈಲ್ಸ್ ಅಂಗಡಿಯ ಗೋದಾಮು ನೋಡಿಕೊಳ್ಳುತ್ತೇನೆ. ಟೈಲ್ಸುಗಳು ಮಾತಾಡುವುದಿಲ್ಲ. ಅದೊಂದು ದೊಡ್ಡ ಅನುಕೂಲ.

ರಿಟರ್ನ್ಸ್ ತುಂಬಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡುತ್ತಾರೆ. ಅಣ್ಣ, ಎಂಬತ್ತು ಜಿ ಅಂದರೆ ಏನು, ಸ್ವಲ್ಪ ಹೇಳಿ ಎನ್ನುತ್ತಾರೆ. ಐದು ನಿಮಿಷದ ಪಾಠ. ಧರ್ಮಾರ್ಥ ಸಂಸ್ಥೆಗೆ ದಾನ ಕೊಟ್ಟರೆ ಅದರ ಅರ್ಧವನ್ನೋ, ಕೆಲವಕ್ಕೆ ಪೂರ್ತಿಯನ್ನೋ ನಿಮ್ಮ ಆದಾಯದಿಂದ ಕಳೆಯುತ್ತಾರೆ, ಉಳಿದದ್ದಕ್ಕೆ ತೆರಿಗೆ. ಆ ಸಂಸ್ಥೆಗೆ ಇಲಾಖೆಯ ಮಾನ್ಯತೆ ಇರಬೇಕು. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ವಸ್ತು ಕೊಟ್ಟರೂ ಇಲ್ಲ. ಇಷ್ಟು ಹೇಳಿ ಫೋನ್ ಇಡುತ್ತೇನೆ. ಇಟ್ಟ ಮೇಲೆ, ಹೇಳಬೇಕಾದದ್ದನ್ನು ಹೇಳಲೇ ಇಲ್ಲ ಅನಿಸುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ರೋಗ ಹೇಳಬೇಕು. ನಾನು ಸ್ವರ ಕದಿಯುವವನು. ಯಾರಾದರೂ ನನ್ನೆದುರು ಎರಡು ನಿಮಿಷ ಮಾತಾಡಿದರೆ ಮೂರನೇ ನಿಮಿಷಕ್ಕೆ ಅವರ ಗಂಟಲು ನನ್ನ ಗಂಟಲಿಗೆ ಬಂದು ಕೂರುತ್ತದೆ. ನಮ್ಮ ಯಜಮಾನರು ಸದಾಶಿವಣ್ಣ. ಬಾಯಿ ತೆರೆಯುವ ಮೊದಲು ಮೂರು ಸಲ ಕೆಮ್ಮಿ, 'ಅದು ಎಂತ ಅಂದ್ರೆ' ಎಂದು ಶುರು ಮಾಡಿ, ಅದು ಎಂತ ಎಂದು ಕೊನೆಯವರೆಗೂ ಹೇಳದೆ ಮುಗಿಸುವವರು. ಅವರ ಹಾಗೆ ಕೆಮ್ಮಿ ನಾನು ಒಂದು ಸಲ ಪಕ್ಕದ ಹೋಟೆಲಿನಿಂದ ಆರು ಚಹಾ, ಆರು ಗೋಳಿಬಜೆ ತರಿಸಿದ್ದೆ. ಬಿಲ್ಲು ಬಂದಾಗ ಅವರು ನಕ್ಕು ಕೊಟ್ಟರು. ನನ್ನನ್ನು ಹಾಳು ಮಾಡಿದ್ದು ಆ ನಗು ಎಂದು ಬರೆದರೆ ಸುಲಭವಾಗುತ್ತದೆ. ನಿಜವಾಗಿ ನಾನು ಮೊದಲೇ ಹಾಳಾಗಿದ್ದೆ. ನನ್ನ ಸ್ವಂತ ಸ್ವರ ಖಾಲಿ ಎಣ್ಣೆ ಡಬ್ಬಕ್ಕೆ ಚಮಚದಲ್ಲಿ ಬಡಿದ ಹಾಗಿದೆ. ಅದನ್ನು ಉಪಯೋಗಿಸಲು ನನಗೇ ನಾಚಿಕೆ.

ನಮ್ಮ ಕಡೆ ದಾನ ಕೊಡುವವರು ಕಡಿಮೆಯಲ್ಲ. ಆದರೆ ಅವರು ಕೊಡುವ ರೀತಿಗೂ ಇಲಾಖೆಯ ಫಾರಮಿಗೂ ಜನ್ಮದಲ್ಲಿ ಹೊಂದಿ ಬರುವುದಿಲ್ಲ. ನಾನು ಸೇರಿದ ವರ್ಷ ಸಂಪಾಜೆಯ ಹಿರಿಯರೊಬ್ಬರು ಬಂದಿದ್ದರು. ಬ್ಯಾಂಕಿನಿಂದ ನಿವೃತ್ತರಾದವರು, ರಬ್ಬರ್ ತೋಟವೂ ಇತ್ತು. ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೊರೆಕಾಣಿಕೆ ಕೊಟ್ಟ ರಶೀದಿಯನ್ನು ಮಡಚಿ ಕಿಸೆಯಲ್ಲಿಟ್ಟು ತಂದಿದ್ದರು. ತೆಂಗಿನಕಾಯಿ ಇನ್ನೂರು, ಬೆಳ್ತಿಗೆ ಅಕ್ಕಿ ಒಂದು ಕ್ವಿಂಟಾಲ್, ಬಾಳೆಗೊನೆ ಹನ್ನೆರಡು. ಹೆಸರಿನ ಜಾಗದಲ್ಲಿ ಅವರ ಹೆಸರೂ ಇರಲಿಲ್ಲ, ಮನೆಯ ಹೆಸರು ಬರೆದು 'ಮನೆಯವರು' ಎಂದಿತ್ತು. ಸದಾಶಿವಣ್ಣ ಮೂರು ಸಲ ಕೆಮ್ಮಿ, ಇದಕ್ಕೆ ವಿನಾಯಿತಿ ಇಲ್ಲ ಎಂದು ತಿಳಿಸಿದರು. ಹಿರಿಯರು ರಶೀದಿಯನ್ನು ತಿರುಗಿಸಿ ನೋಡಿದರು.

"ದೇವರಿಗೆ ಮುಟ್ಟಿದ್ದು ಇವರಿಗೆ ಯಾಕೆ ಮುಟ್ಟುದಿಲ್ಲ ಮಾರಾಯ್ರೆ?" ಎಂದು ಕೇಳಿದರು.

ಅವರು ಮೆಟ್ಟಿಲು ಇಳಿಯುವ ಮೊದಲೇ ನಾನು ಆ ವಾಕ್ಯವನ್ನು ಅವರದೇ ಮೂಗಿನಲ್ಲಿ ಹೇಳಿ ಟೈಪಿಸ್ಟ್ ಜಯಕ್ಕನನ್ನು ನಗಿಸಿದ್ದೆ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ನನ್ನ ಮೊದಲ ತಪ್ಪು ಗುಂಡ್ಯದ ಹೋಟೆಲಿನವರ ಫೈಲಿನಲ್ಲಿ. ಅವರು ಅನಾಥಾಶ್ರಮವೊಂದಕ್ಕೆ ಐದು ಸಾವಿರ ನಗದು ಕೊಟ್ಟಿದ್ದರು. ನಾನು ಕಣ್ಣು ಮುಚ್ಚಿ ಅದನ್ನು ಕಾಲಮಿಗೆ ಹಾಕಿದೆ. ನೋಟೀಸು ಬಂತು. ಸದಾಶಿವಣ್ಣ ಬೈಯಲಿಲ್ಲ, ಬಸ್ಸು ಚಾರ್ಜು ಕೊಟ್ಟು ಗುಂಡ್ಯಕ್ಕೆ ಕಳಿಸಿದರು. ತಪ್ಪು ಮಾಡಿದವನೇ ಹೋಗಿ ಹೇಳಬೇಕು, ಫೋನಿನಲ್ಲಲ್ಲ, ಎದುರು ನಿಂತು ಎನ್ನುವುದು ಆಗ ಅವರ ಕ್ರಮ. ಘಾಟಿ ಇಳಿದು ಬಂದ ಲಾರಿಯವರಿಗೆ ಊಟ ಬಡಿಸುತ್ತಿದ್ದ ಆ ಮನುಷ್ಯ ನನ್ನ ಕಥೆ ಪೂರ್ತಿ ಕೇಳಿ, ಒಂದು ಚಹಾ ಕೊಟ್ಟು, ದುಡ್ಡು ಬೇಡವೆಂದು, ಇದಕ್ಕೂ ರಶೀದಿ ಕೇಳಬೇಡ ಮಾರಾಯ ಎಂದು ಕಳಿಸಿದರು. ಆ ಕ್ರಮವನ್ನು ನಾವು ಮುಂದೆ ಯಾಕೆ ಬಿಟ್ಟೆವೋ. ಜನ ಹೆಚ್ಚಾದರು, ಫೋನ್ ಸುಲಭವಾಯಿತು, ಅಷ್ಟೇ ಇರಬೇಕು.

ಕೆಲಸದ ರೀತಿಯೂ ಬದಲಾಯಿತು. ನಾನು ಸೇರಿದಾಗ ದಾನದ ರಶೀದಿ ಎಂದರೆ ಒಂದು ಕಾಗದ. ಹೆಸರು ಸ್ವಲ್ಪ ಆಚೆ ಈಚೆ ಇದ್ದರೂ ನಡೆಯುತ್ತಿತ್ತು. ಆಮೇಲೆ, ದಾನ ಪಡೆದ ಸಂಸ್ಥೆಯೇ ಪ್ರತಿಯೊಬ್ಬ ದಾನಿಯ ಹೆಸರು, ಪ್ಯಾನ್ ನಂಬರು, ಮೊತ್ತವನ್ನು ಇಲಾಖೆಗೆ ಕಂಪ್ಯೂಟರಿನಲ್ಲಿ ಕಳಿಸಬೇಕು, ಅಲ್ಲಿಂದ ಬರುವ ಪ್ರಮಾಣಪತ್ರ ಇದ್ದರೆ ಮಾತ್ರ ವಿನಾಯಿತಿ ಎಂದಾಯಿತು. ಒಳ್ಳೆಯ ಕಾನೂನು, ಸುಳ್ಳು ದಾನದ ಅಂಗಡಿಗಳು ಅದರಿಂದ ಮುಚ್ಚಿದವು. ಅದೇ ಸುಮಾರಿಗೆ ಹೊಸ ತೆರಿಗೆ ಪದ್ಧತಿಯೂ ಬಂತು. ತೆರಿಗೆ ದರ ಕಡಿಮೆ, ಆದರೆ ದಾನಕ್ಕೆ ಏನೂ ಇಲ್ಲ. ಅದನ್ನು ಹೇಳಿದರೆ ಜನರ ಮುಖ ನೋಡಬೇಕು. ಹಾಗಾದರೆ ನಾನು ಕೊಟ್ಟದ್ದು ಸುಳ್ಳಾ ಎಂದು ಕೇಳಿದವರಿದ್ದಾರೆ. ಸುಳ್ಳಲ್ಲ, ಆದರೆ ಅದನ್ನು ಯಾರೂ ಕೇಳುವುದಿಲ್ಲ ಎಂದು ಹೇಳಿ ನಾನು ಮುಂದಿನ ಫೈಲು ತೆಗೆಯುತ್ತಿದ್ದೆ.

ವಾರಿಜಾ ಟೀಚರ್ ಹಳೆಯ ಪದ್ಧತಿಯಲ್ಲೇ ಉಳಿದವರು. ಮನೆ ಸಾಲ ಇದ್ದ ಕಾರಣ ಅವರಿಗೆ ಅದೇ ಲಾಭ. ಕಡಬ ತಾಲೂಕಿನ ಪೆರಾಬೆಯವರು, ಅಲ್ಲೇ ಹತ್ತಿರದ ಸರಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿದ್ದರು. ಪ್ರತಿ ಜುಲೈಯಲ್ಲಿ ಒಂದು ಶನಿವಾರ ಮಧ್ಯಾಹ್ನ ಬಂದು, ಕಾಗದಗಳನ್ನು ನಂಬರು ಹಾಕಿ ಕೊಟ್ಟು, ಕೇಳಿದ್ದಕ್ಕೆ ಮಾತ್ರ ಉತ್ತರಿಸಿ ಹೋಗುವವರು. ಮಾತು ತೀರ ಕಡಿಮೆ. ಪ್ರತಿ ಉತ್ತರದ ಕೊನೆಗೆ 'ಅಷ್ಟೆ' ಎಂದು ಹೇಳಿ ಬಾಯಿಗೆ ಬೀಗ ಹಾಕಿಬಿಡುತ್ತಿದ್ದರು. ನನ್ನಂಥವನಿಗೆ ಇದು ಹಬ್ಬ. ಅವರ ಸ್ವರ ಗಂಟಲಿನಿಂದಲ್ಲ, ಎದೆಯ ಸ್ವಲ್ಪ ಕೆಳಗಿನಿಂದ ಬರುತ್ತಿತ್ತು. ಅದನ್ನು ಹಿಡಿಯಲು ನನಗೆ ಎರಡು ಜುಲೈ ಬೇಕಾದವು.

ಅವರ ಕಾಗದಗಳಲ್ಲಿ ಹತ್ತು ಸಾವಿರ ರೂಪಾಯಿಯ ಒಂದು ರಶೀದಿ ಯಾವಾಗಲೂ ಇರುತ್ತಿತ್ತು. ಸುಳ್ಯದ ಹತ್ತಿರದ ವಿಶೇಷ ಮಕ್ಕಳ ಶಾಲೆಯದು. ಟೀಚರ ಒಬ್ಬನೇ ಮಗ ಹಿತೇಶ್ ಕೊನೆಯ ಎರಡು ವರ್ಷ ಅಲ್ಲಿ ಕಲಿತಿದ್ದನಂತೆ. ಹನ್ನೆರಡನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಅವನು ಹೋದ ದಿನ, ಜನವರಿಯಲ್ಲಿ, ಅಲ್ಲಿನ ಮಕ್ಕಳಿಗೆ ಒಂದು ಹೊತ್ತಿನ ಊಟ ಟೀಚರ ಕಡೆಯಿಂದ. ಅವತ್ತು ಊಟದ ಕೋಣೆಯ ಬೋರ್ಡಿನಲ್ಲಿ ಹುಡುಗನ ಹೆಸರು ಬರೆಯುತ್ತಾರೆ, ಮಕ್ಕಳು ಕೈಮುಗಿದು ಅವನ ಹೆಸರು ಹೇಳಿ ಊಟಕ್ಕೆ ಕೂರುತ್ತಾರೆ. ಟೀಚರ್ ರಜೆ ಹಾಕಿ ಹೋಗಿ ತಾವೇ ಬಡಿಸಿ ಬರುತ್ತಾರೆ. ನಮ್ಮ ಕಡೆ ಇಂಥ ದಾನವನ್ನು ಯಾರೂ ಸ್ವಂತ ಹೆಸರಲ್ಲಿ ಕೊಡುವುದಿಲ್ಲ, ತೀರಿಕೊಂಡವರ ಹೆಸರಲ್ಲೇ ಬರೆಸುವುದು. ಚೆಕ್ಕು ಟೀಚರದು, ರಶೀದಿ ಹಿತೇಶನ ಹೆಸರಲ್ಲಿ.

ಕಾಗದದ ಕಾಲದಲ್ಲಿ ಅದು ನಡೆದುಹೋಯಿತು. ಪ್ರಮಾಣಪತ್ರದ ಕಾಲ ಬಂದ ಮೇಲೆ ನಿಂತಿತು. ತೀರಿಕೊಂಡ ಹುಡುಗನಿಗೆ ಪ್ಯಾನ್ ನಂಬರು ಎಲ್ಲಿಂದ? ಆ ಜುಲೈಯಲ್ಲಿ ಟೀಚರಿಗೆ ಪ್ರಮಾಣಪತ್ರ ಬಂದಿರಲಿಲ್ಲ. ಹತ್ತು ಸಾವಿರದ ಅರ್ಧ ಐದು ಸಾವಿರ, ಅದಕ್ಕೆ ಶೇಕಡಾ ಇಪ್ಪತ್ತು ಸಾವಿರ ರೂಪಾಯಿ, ಮೇಲೆ ಸೆಸ್ಸು ನಲವತ್ತು. ಒಟ್ಟು ಸಾವಿರದ ನಲವತ್ತು ಹೋಗುತ್ತದೆ ಎಂದು ಲೆಕ್ಕ ಮಾಡಿ ಹೇಳಿದೆ. ಹೋಗಲಿ ಎಂದರು. ಸದಾಶಿವಣ್ಣ ಒಳಗಿನಿಂದ ಬಂದು, ಅದು ನಿಮ್ಮ ಹಕ್ಕಿನ ಹಣ ಟೀಚರ್, ರಶೀದಿಯಲ್ಲಿ ದಾನಿಯೆಂದು ನಿಮ್ಮ ಹೆಸರು, ಸ್ಮರಣಾರ್ಥ ಎಂದು ಮಗನ ಹೆಸರು ಹಾಕಿದರಾಯಿತು, ನಾವು ಮಾಡಿಸುತ್ತೇವೆ ಎಂದರು. ಅವತ್ತಿನ ಮಟ್ಟಿಗೆ ಅವರು ಅದು ಎಂತ ಎಂದು ಪೂರ್ತಿ ಹೇಳಿದ್ದರು. ಟೀಚರ್ ರಶೀದಿಯನ್ನು ನನ್ನ ಕಡೆ ತಳ್ಳಿದರು.

"ಅವನ ಹೆಸರು ತೆಗೀಬೇಡಿ. ಉಳಿದದ್ದು ನೀವು ನೋಡಿ. ಅಷ್ಟೆ."

ಕೊನೆಯ ತಾರೀಕಿಗೆ ಎರಡು ದಿನ ಇತ್ತು. ನಾನು ವಿಶೇಷ ಮಕ್ಕಳ ಶಾಲೆಗೆ ಫೋನ್ ಮಾಡಿದೆ. ಹಳೆಯ ಗುಮಾಸ್ತರು ಬಿಟ್ಟು ಹೋಗಿ ಹೊಸಬರು ಬಂದಿದ್ದರು. ಸುಳ್ಯ ಕಡೆಯ ಅರೆಭಾಷೆಯ ರಾಗದ ಮೃದು ಮಾತಿನ ಮನುಷ್ಯ. ಹೆಸರು ಬದಲಿಸಲು ದಾನಿಗಳೇ ಹೇಳಬೇಕು, ಬೇರೆಯವರು ಹೇಳಿದರೆ ಆಗುವುದಿಲ್ಲ ಎಂದರು. ಟೀಚರಿಗೆ ಫೋನ್ ಮಾಡಿದೆ. ತರಗತಿಯ ಹೊತ್ತು, ಎತ್ತಲಿಲ್ಲ. ನಾಲ್ಕು ಗಂಟೆಯವರೆಗೆ ಕಾದಿದ್ದರೆ ಎತ್ತುತ್ತಿದ್ದರು. ನನ್ನ ಮೇಜಿನ ಮೇಲೆ ಅವತ್ತು ಮೂವತ್ತೇಳು ಫೈಲು ಇದ್ದವು. ಜಯಕ್ಕ, ನೀನೇ ಟೀಚರಾಗು ಮಾರಾಯ, ಹೇಗೂ ಬರ್ತದಲ್ಲ ಎಂದಳು. ಅದನ್ನೂ ಅವಳ ಮೇಲೆ ಹಾಕುವುದಿಲ್ಲ. ಅವಳು ಹೇಳುವ ಮೊದಲೇ ನನ್ನ ಉಸಿರು ಎದೆಯ ಕೆಳಗೆ ಇಳಿದಾಗಿತ್ತು.

ಜಯಕ್ಕನ ಫೋನಿನಿಂದ ಕರೆ ಮಾಡಿದೆ. ಆಫೀಸಿನಲ್ಲಿದ್ದವರೆಲ್ಲ ಬಾಯಿಗೆ ಕೈ ಇಟ್ಟುಕೊಂಡು ನಿಂತರು, ಸದಾಶಿವಣ್ಣ ಬಾಗಿಲಲ್ಲಿ ನಗು ತಡೆಯುತ್ತಿದ್ದರು. ನಾನು ಹೇಳಿದ್ದು ಇಷ್ಟೇ: "ವಾರಿಜಾ ಟೀಚರ್. ಹಿತೇಶನ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ. ಪ್ಯಾನ್ ನಂಬರು ಬರ್ಕೊಳ್ಳಿ. ಅಷ್ಟೆ."

ಮೇಲಿನ ಸಾಲು, ಕೆಳಗಿನ ಸಾಲು, ದಾನಿ, ಸ್ಮರಣಾರ್ಥ ಎಂದೆಲ್ಲ ಬಿಡಿಸಿ ಹೇಳಬೇಕಿತ್ತು. ಆದರೆ ವಾರಿಜಾ ಟೀಚರ್ ಅಷ್ಟು ಮಾತಾಡುವವರಲ್ಲ. ಇನ್ನೊಂದು ವಾಕ್ಯ ಸೇರಿಸಿದ್ದರೆ ಅನುಕರಣೆ ಕೆಡುತ್ತಿತ್ತು. ಈ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು, ಮತ್ತು ಅದನ್ನು ಮಾಡಿದ್ದು ನಾನು ಅತ್ಯಂತ ಚೆನ್ನಾಗಿ ಕೆಲಸ ಮಾಡಿದ ಕ್ಷಣದಲ್ಲಿ. ಫೋನ್ ಇಟ್ಟ ಮೇಲೆ ಚಪ್ಪಾಳೆ ಬಿತ್ತು. ಎರಡು ದಿನದಲ್ಲಿ ಪ್ರಮಾಣಪತ್ರ ಬಂತು. ಸೆಪ್ಟೆಂಬರಿನಲ್ಲಿ ಟೀಚರ ಖಾತೆಗೆ ಸಾವಿರದ ನಲವತ್ತು ಬಿತ್ತು. ಶಾಲೆಯವರೇ ಸರಿ ಮಾಡಿ ಕೊಟ್ಟರೆಂದು ಅವರಿಗೆ ತಿಳಿಸಿದೆ.

ಮುಂದಿನ ಜನವರಿಯ ಕೊನೆಗೆ ಒಂದು ದಿನ ಟೀಚರ್ ಆಫೀಸಿಗೆ ಬಂದರು. ಅದು ಅವರು ಬರುವ ತಿಂಗಳಲ್ಲ. ಸದಾಶಿವಣ್ಣ ಹೊರಗೆ ಹೋಗಿದ್ದರು. ಟೀಚರ್ ನನ್ನೆದುರಿನ ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಡೆದದ್ದನ್ನು ಹೇಳಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಿತೇಶ್ ತೀರಿಕೊಂಡ ತಾರೀಕಿಗೆ ಅವರು ಸುಳ್ಯದ ಶಾಲೆಗೆ ಹೋದಾಗ ಊಟದ ಕೋಣೆಯ ಬೋರ್ಡಿನಲ್ಲಿ 'ಇಂದಿನ ಊಟ ದಿವಂಗತ ವಾರಿಜಾ ಟೀಚರ ಸ್ಮರಣಾರ್ಥ' ಎಂದು ಬರೆದಿತ್ತು. ಗುಮಾಸ್ತರು ರಿಜಿಸ್ಟರಿನ ಸ್ಮರಣಾರ್ಥದ ಸಾಲಿನಲ್ಲಿ ಹುಡುಗನ ಹೆಸರು ಹೊಡೆದುಹಾಕಿ ಟೀಚರ ಹೆಸರು ಬರೆದಿದ್ದರು, ಬೋರ್ಡು ಬರೆಯುವವರು ರಿಜಿಸ್ಟರು ನೋಡಿ ಬರೆದಿದ್ದರು. ಟೀಚರ್ ಪಾಯಸದ ಪಾತ್ರೆ ಹಿಡಿದು ನಿಂತಿದ್ದರು, ಮಕ್ಕಳು ಕೈಮುಗಿದು ಅವರ ಹೆಸರು ಹೇಳಿದರು. ಒಂದು ಹುಡುಗಿ ಎದ್ದು ಬಂದು ಅವರ ಸೆರಗನ್ನು ಮುಟ್ಟಿ ನೋಡಿತಂತೆ. ಟೀಚರ್ ಎಲ್ಲರಿಗೂ ಬಡಿಸಿ ಮುಗಿಸಿ, ಆಮೇಲೆ ಗುಮಾಸ್ತರನ್ನು ಕೇಳಿದರು. ನೀವೇ ಫೋನ್ ಮಾಡಿ ಹೇಳಿದ್ದಲ್ವಾ ಟೀಚರ್, ನಿಮ್ಮದೇ ಸ್ವರ, ಹಿತೇಶನ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ ಅಂತ ಎಂದು ಅವರು ಹೇಳಿದರು.

"ನನಗೆ ನೆನಪಿಲ್ಲ," ಎಂದರು ಟೀಚರ್. "ಒಂಚೂರೂ ಇಲ್ಲ. ನಾನು ನಿನ್ನ ಹತ್ರ ಏನಾದ್ರೂ ಹೇಳಿದ್ದೇನಾ? ಅವನ ಹೆಸರು ತೆಗೀತೇನೆ ಅಂತ?"

ಇಲ್ಲ ಎಂದೆ.

"ನನ್ನ ಅಮ್ಮನಿಗೂ ಹೀಗೆಯೇ ಶುರುವಾದದ್ದು. ಮೊದಲು ಹೇಳಿದ್ದು ಮರೆತರು. ಮತ್ತೆ ನಮ್ಮನ್ನು ಮರೆತರು. ನಿನಗೆ ಎಂತಾದ್ರೂ ಗೊತ್ತುಂಟಾ?"

ಅವರ ಕಣ್ಣು ನನ್ನ ಮುಖದ ಮೇಲೇ ಇತ್ತು. ಜಯಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟು ಅಲ್ಲಾಡದೆ ಕೂತಿದ್ದಳು. ನೂರು ಜನರ ಸ್ವರ ಗೊತ್ತಿದ್ದವನಿಗೆ ಆಗ ಬಂದದ್ದು ಹೇಡಿಯ ಸ್ವರ, ಮತ್ತು ಅದು ನನ್ನದೇ.

"ಗೊತ್ತಿಲ್ಲ ಟೀಚರ್."

ಅವರು ತಲೆಯಾಡಿಸಿ ಹೋದರು. ಸಂಜೆ ಸದಾಶಿವಣ್ಣ ಬಂದಾಗ ಎಲ್ಲ ಹೇಳಿದೆ. ಗುಂಡ್ಯಕ್ಕೆ ಕಳಿಸಿದ ಮನುಷ್ಯ ಈಗಲೂ ಬಸ್ಸು ಚಾರ್ಜು ಕೊಟ್ಟು ಪೆರಾಬೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಕೆಮ್ಮಲೂ ಇಲ್ಲ. ಬಾಗಿಲು ಮುಚ್ಚಿ ಬಂದು ಕೂತರು. ಬೇರೊಬ್ಬರಾಗಿ ಮಾತಾಡಿ ದಾಖಲೆ ಬದಲಿಸುವುದೆಂದರೆ ಕಳ್ಳ ಸಹಿ ಹಾಕಿದ ಹಾಗೆಯೇ, ಇದು ಹೊರಗೆ ಬಿದ್ದರೆ ಆಫೀಸಿಗೆ ಯಾರೂ ಬರುವುದಿಲ್ಲ ಎಂದರು. "ಟೀಚರ್ ಸ್ವಲ್ಪ ದಿನದಲ್ಲಿ ಮರೀತಾರೆ ಮಾರಾಯ. ಸುಮ್ಮನಿರು." ಮರೆಯುತ್ತೇನೆಂಬ ಹೆದರಿಕೆಯಲ್ಲಿದ್ದವರನ್ನು ಕುರಿತು ಅವರು ಹೇಳಿದ ಮಾತು ಅದು. ನನಗೆ ಸಮಾಧಾನವೇ ಆಯಿತು. ಸುಮ್ಮನಿರು ಎಂದು ಮೇಲಿನವರು ಹೇಳಿದರೆ ಎಷ್ಟು ಹಗುರಾಗುತ್ತದೆ ಎಂದು ಕೆಳಗೆ ಕೆಲಸ ಮಾಡಿದವರಿಗೇ ಗೊತ್ತು. ಫೆಬ್ರವರಿ, ಮಾರ್ಚ್, ಏಪ್ರಿಲ್ ಸುಮ್ಮನಿದ್ದೆ. ಆ ಮೂರು ತಿಂಗಳು ನಾನು ಯಾರ ಸ್ವರವನ್ನೂ ಮಾಡಲಿಲ್ಲ. ಗಂಟಲು ನೋವಾ ಎಂದು ಮನೆಯಲ್ಲಿ ಕಷಾಯ ಮಾಡಿ ಕೊಟ್ಟರು.

ಮೇ ತಿಂಗಳ ಮೊದಲ ವಾರ ಟೀಚರ ಶಾಲೆಯ ಮಾಸ್ಟ್ರೊಬ್ಬರು ತಮ್ಮ ಕಾಗದಗಳೊಂದಿಗೆ ಟೀಚರ ಒಂದು ಚೀಟಿಯನ್ನೂ ತಂದರು. ಸ್ವಯಂ ನಿವೃತ್ತಿ ತೆಗೆದುಕೊಂಡರೆ ಸಿಗುವ ರಜೆಯ ಸಂಬಳಕ್ಕೆ ತೆರಿಗೆ ಇದೆಯೇ ಎಂದು ಅದರಲ್ಲಿ ಕೇಳಿದ್ದರು. ಅಕ್ಷರ ಎಂದಿನ ಹಾಗೆ ಗುಂಡಗೆ, ಚೀಟಿಗೆ ಎಂದಿನ ಹಾಗೆ ನಂಬರು. ಟೀಚರಿಗೆ ಇನ್ನೂ ಆರು ವರ್ಷ ಸರ್ವಿಸು ಇತ್ತು. ಮಾಸ್ಟ್ರನ್ನು ಕೇಳಿದೆ. ಮೂರು ತಿಂಗಳ ನೋಟೀಸು ಫೆಬ್ರವರಿಯಲ್ಲೇ ಕೊಟ್ಟಾಗಿದೆ, ಮೇ ಮೂವತ್ತೊಂದು ಕೊನೆಯ ದಿನ ಎಂದರು.

"ಮಂಗಳೂರಿನ ಡಾಕ್ಟ್ರು ಎಂತ ಇಲ್ಲ ಅಂತ ಹೇಳಿದ್ದಾರೆ. ಅವರು ನಂಬುದಿಲ್ಲ," ಎಂದರು ಮಾಸ್ಟ್ರು. "ಮಕ್ಕಳ ಹೆಸರನ್ನೆಲ್ಲ ದಿನಾ ಬೆಳಿಗ್ಗೆ ಬರೆದು ನೋಡ್ತಾರೆ. ಮಗನ ಹೆಸರೇ ತೆಗೆಸಿದವಳಿಗೆ ಇನ್ನೊಬ್ಬರ ಮಕ್ಕಳ ಜವಾಬ್ದಾರಿ ಬೇಡ ಅಂತ ಹೇಳುದು. ನಮಗೆ ಎಂತ ಅಂತ ಅರ್ಥ ಆಗುದಿಲ್ಲ."

ನನಗೆ ಅರ್ಥವಾಯಿತು. ನಿವೃತ್ತಿಯ ನೋಟೀಸನ್ನು ಕೊನೆಯ ದಿನದ ಒಳಗೆ ಹಿಂದೆ ತೆಗೆದುಕೊಳ್ಳಲು ಕೇಳಬಹುದು. ಇನ್ನೂ ಮೂರೂವರೆ ವಾರ ಇತ್ತು. ಸದಾಶಿವಣ್ಣನಿಗೆ ಹೇಳಿದೆ. ಹೋದರೆ ವಾಪಸ್ ಬರಬೇಡ ಎಂದರು, ಸಿಟ್ಟಿನಲ್ಲಿ ಅಲ್ಲ, ತೀರ ಸಣ್ಣ ಸ್ವರದಲ್ಲಿ. ಹೋಗುತ್ತೇನೆ ಎಂದು ಹೇಳಿದವನು ಹೋಗಲಿಲ್ಲ. ಹದಿನೈದು ದಿನ ಪ್ರತಿ ರಾತ್ರಿ ನಾಳೆ ಎಂದುಕೊಂಡು ಮಲಗಿದೆ. ಇಪ್ಪತ್ತೊಂದನೆಯ ತಾರೀಕು ಬೆಳಿಗ್ಗೆ ನನ್ನ ಮೇಜಿನ ಬೀಗದ ಕೈಯನ್ನು ಜಯಕ್ಕನಿಗೆ ಕೊಟ್ಟು ಬಸ್ಸು ಹತ್ತಿದೆ.

ಟೀಚರ್ ಮನೆಯಲ್ಲಿ ಒಬ್ಬರೇ ಇದ್ದರು. ಗಂಡ ಸೊಸೈಟಿಯ ಕೆಲಸಕ್ಕೆ ಹೋಗಿದ್ದರು. ಬಾ ಎಂದು ಕೂರಿಸಿ ಬೆಲ್ಲ, ನೀರು ತಂದಿಟ್ಟರು. ಕೂತಲ್ಲಿಂದ ಅಡುಗೆ ಕೋಣೆ ಕಾಣುತ್ತಿತ್ತು. ಗ್ಯಾಸಿನ ಒಲೆಯ ಮೇಲಿನ ಗೋಡೆಗೆ 'ಆರಿಸಿದೆಯಾ' ಎಂದು ಬರೆದ ಕಾಗದ ಅಂಟಿಸಿದ್ದರು. ಬಾಗಿಲಿನ ಹಿಂದೆ ಇನ್ನೊಂದು, 'ಬೀಗ'. ಕ್ಯಾಲೆಂಡರಿನ ಪ್ರತಿ ಮನೆಯೊಳಗೂ ಇರುವೆಯ ಸಾಲಿನ ಹಾಗೆ ಸಣ್ಣ ಅಕ್ಷರ. ನಾನು ಬೆಲ್ಲ ಮುಟ್ಟದೆ ಎಲ್ಲವನ್ನೂ ಹೇಳಿದೆ. ಜುಲೈ, ಮೂವತ್ತೇಳು ಫೈಲು, ಫೋನು, ಚಪ್ಪಾಳೆ.

ಅವರು ನಂಬಲಿಲ್ಲ.

"ನನ್ನನ್ನು ಸಮಾಧಾನ ಮಾಡ್ಲಿಕ್ಕೆ ಯಾರು ಹೇಳಿ ಕಳಿಸಿದ್ದು ನಿನ್ನನ್ನು? ಮಾಸ್ಟ್ರಾ?"

ಯಾರೂ ಅಲ್ಲ, ನಾನೇ ಮಾಡಿದ್ದು ಎಂದೆ. ಗಂಡು ಹುಡುಗ ನೀನು, ಆ ಗುಮಾಸ್ತರಿಗೆ ಗೊತ್ತಾಗುವುದಿಲ್ಲವೇ, ನನ್ನದೇ ಸ್ವರ ಎಂದು ಹೇಳಿದರಲ್ಲ ಎಂದರು. ಕರುಣೆಯಿಂದ ಸುಳ್ಳು ಹೇಳುವ ಮಕ್ಕಳನ್ನು ಇಪ್ಪತ್ತೆಂಟು ವರ್ಷ ನೋಡಿದ್ದೇನೆ ಎನ್ನುವ ಹಾಗೆ ನನ್ನ ಕಡೆ ನೋಡಿ ನಕ್ಕರು ಕೂಡ. ಕಾಗದ, ಸಾಕ್ಷಿ ಯಾವುದೂ ನನ್ನ ಹತ್ತಿರ ಇರಲಿಲ್ಲ. ಇದ್ದದ್ದು ಗಂಟಲು ಮಾತ್ರ. ಕಣ್ಣು ಮುಚ್ಚಿ, ಉಸಿರನ್ನು ಕೆಳಗೆ ಇಳಿಸಿದೆ.

"ವಾರಿಜಾ ಟೀಚರ್. ಹಿತೇಶನ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಕಿ. ಪ್ಯಾನ್ ನಂಬರು ಬರ್ಕೊಳ್ಳಿ. ಅಷ್ಟೆ."

ಕಣ್ಣು ತೆರೆದಾಗ ಅವರು ಎರಡು ಕೈಯಲ್ಲೂ ಕುರ್ಚಿಯ ತೋಳುಗಳನ್ನು ಹಿಡಿದುಕೊಂಡಿದ್ದರು. ಬೈಯುತ್ತಾರೆ, ಹೊಡೆಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು.  ಅವರು ಎದ್ದು ಅಡುಗೆ ಕೋಣೆಗೆ ಹೋಗಿ, ಒಲೆಯ ಮೇಲಿನ ಕಾಗದವನ್ನು ಕಿತ್ತು ತಂದು ಮಡಚಿ ಕೈಯಲ್ಲಿ ಹಿಡಿದುಕೊಂಡು ಕೂತರು.

ನಾನು ನೋಟೀಸಿನ ವಿಷಯ ತೆಗೆದೆ. ಇನ್ನೂ ಹತ್ತು ದಿನ ಉಂಟು ಟೀಚರ್, ಒಂದು ಅರ್ಜಿ ಕೊಟ್ಟರೆ ಸಾಕು, ನಾನೇ ಬರೆದುಕೊಡುತ್ತೇನೆ, ಎಲ್ಲಿ ಬೇಕಾದರೂ ಬಂದು ತಪ್ಪು ನನ್ನದು ಎಂದು ಹೇಳುತ್ತೇನೆ ಎಂದೆ.

"ಬೇಡ," ಎಂದರು. "ಮಾರ್ಚಿನಲ್ಲಿ ಮೂರು ಸಲ ಬೋರ್ಡಿನ ಎದುರು ನಿಂತುಬಿಟ್ಟೆ. ಕೈಯಲ್ಲಿ ಸೀಮೆಸುಣ್ಣ ಉಂಟು, ಲೆಕ್ಕ ಗೊತ್ತುಂಟು. ಆದ್ರೆ ಇದು ಸರಿಯಾ ಅಂತ ಹೆದರಿಕೆ. ಮಕ್ಕಳು ನೋಡ್ತಾ ಇದ್ದರು. ನೀನು ಈಗ ಹೇಳಿದ್ದಕ್ಕೆ ಆ ಹೆದರಿಕೆ ಹೋಗ್ತದಾ? ನನಗೆ ಗೊತ್ತಿಲ್ಲ. ನಾಲ್ಕು ತಿಂಗಳು ನಾನೇ ಅವನ ಹೆಸರು ತೆಗೆಸಿದ್ದು ಅಂತ ಬದುಕಿದ್ದೇನೆ."

ಹೊಸದಾಗಿ ಈ ಕೆಲಸಕ್ಕೆ ಬಂದವರೇ, ತಪ್ಪು ರಿಟರ್ನ್ಸನ್ನು ತಿದ್ದಿ ಮತ್ತೆ ಕಳಿಸುವ ವ್ಯವಸ್ಥೆ ಇಲಾಖೆಯಲ್ಲಿದೆ, ಅದಕ್ಕೊಂದು ಗಡುವೂ ಇದೆ. ಟೀಚರ ವಿಷಯದಲ್ಲಿ ಆ ಗಡುವು ಜನವರಿಯಲ್ಲಿ ನನ್ನೆದುರು ಅವರು ಕುರ್ಚಿಯಲ್ಲಿ ಕೂತಿದ್ದ ಹತ್ತು ನಿಮಿಷ. ನಾನು ಅದನ್ನು ದಾಟಿ ಬಂದಿದ್ದೆ.

"ಸುಳ್ಯದ ಶಾಲೆಗೆ ಫೋನ್ ಮಾಡು," ಎಂದರು ಟೀಚರ್. "ನಿನ್ನ ಸ್ವರದಲ್ಲಿ."

ಮಾಡಿದೆ. ಅದೇ ಗುಮಾಸ್ತರು. ಎಣ್ಣೆ ಡಬ್ಬದ ಸ್ವರದಲ್ಲಿ ನನ್ನ ಹೆಸರು ಹೇಳಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡು, ಸ್ಮರಣಾರ್ಥದ ಸಾಲಿನಲ್ಲಿ ಹಿತೇಶನ ಹೆಸರನ್ನು ಮತ್ತೆ ಬರೆಯಬೇಕೆಂದು ಕೇಳಿದೆ. ಅವರು ಮಧ್ಯ ಬಾಯಿ ಹಾಕದೆ ಕೇಳಿದರು. ಟೀಚರೇ ಹೇಳಬೇಕಲ್ಲ ಎಂದರು. ಫೋನನ್ನು ಟೀಚರಿಗೆ ಕೊಟ್ಟೆ. ಸ್ಪೀಕರು ಹಾಕಿತ್ತು, ನನಗೂ ಕೇಳುತ್ತಿತ್ತು.

"ನಾನು ವಾರಿಜಾ. ಅವನು ಹೇಳಿದ್ದು ಸರಿ. ಹಿತೇಶನ ಹೆಸರು ಬರೀರಿ. ಅಷ್ಟೆ."

 ಗುಮಾಸ್ತರು ಮೃದುವಾಗಿಯೇ ಕೇಳಿದರು.

"ತಪ್ಪು ತಿಳ್ಕೊಳ್ಬೇಡಿ ಅಕ್ಕ. ಆವತ್ತೂ ಹೀಗೆಯೇ ಹೇಳಿದ್ದು, ಇದೇ ಸ್ವರ. ಈಗ ಮಾತಾಡುದು ಟೀಚರೇ ಅಂತ ನಾನು ಹೇಗೆ ನಂಬುದು?"

ಅವರದು ಏನೂ ತಪ್ಪಿರಲಿಲ್ಲ. ಟೀಚರ್ ನನ್ನ ಕಡೆ ನೋಡಿದರು.  ಅವರ ಹತ್ತಿರ ಇದ್ದ ಆ ಒಂದು ಸ್ವರವನ್ನೂ ನಾನು ಉಪಯೋಗಿಸಿ ಮುಗಿಸಿದ್ದೆ. ಅವರು ಫೋನನ್ನು ಇನ್ನಷ್ಟು ಹತ್ತಿರ ಹಿಡಿದರು.

"ರಿಜಿಸ್ಟರಿನ ಹಳೆಯ ಪುಟ ತೆಗೀರಿ. ಅಡುಗೆಯ ಕಾಲಮಿನಲ್ಲಿ ಎಂತ ಬರೆದುಂಟು ನೋಡಿ. ಪಾಯಸಕ್ಕೆ ದ್ರಾಕ್ಷೆ ಬೇಡ ಅಂತ ಉಂಟಾ?"

ಹಾಳೆ ಮಗುಚುವ ಸದ್ದು ಕೇಳಿತು. "ಉಂಟು," ಎಂದರು ಗುಮಾಸ್ತರು. "ಎಲ್ಲಾ ವರ್ಷದಲ್ಲೂ ಉಂಟು."

"ಅವನಿಗೆ ದ್ರಾಕ್ಷೆ ಆಗ್ತಿರಲಿಲ್ಲ. ಒಂದೊಂದೇ ಹೆಕ್ಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡ್ತಿದ್ದ. ಎಣಿಸಿ ಹೇಳ್ತಿದ್ದ, ಇವತ್ತು ಹನ್ನೊಂದು ಅಮ್ಮ, ಇವತ್ತು ಒಂಬತ್ತು ಅಂತ. ಹಾಗೆ ನಾನು ಬರೆಸಿದ್ದು."

ಕೊನೆಯಲ್ಲಿ ಅವರು ಅಷ್ಟೆ ಎನ್ನಲಿಲ್ಲ. 

"ಆಯ್ತು ಟೀಚರ್," ಎಂದರು ಗುಮಾಸ್ತರು. "ಬರೀತೇನೆ."